ಹುಸೇನಪ್ಪನ ಅಣಕು

"ಏ ಹುಸೇನ್ಯಾ, ಕುರ್ಚಿ ಹಾಕಾಕ ಕರದೇನಿ ಮಗನ, ಕುಂಡ್ರಾಕ ಅಲ್ಲ! ನಿನ್ನ ಸಿಮೆಂಟ್ ಮುಕಳಿ ಹತ್ತಿದ್ರ ಒರಸವ್ರ್ಯಾರು, ನಿಮ್ಮಪ್ಪನ?"

ಹುಸೇನಪ್ಪ ಎದ್ದ. ಪೂರ್ತಿ ಕೂತೂ ಇರಲಿಲ್ಲ, ಮೊಣಕಾಲು ಅವನನ್ನು ಕೇಳದೆ ತಾನೇ ಮಡಚಿಕೊಂಡಿತ್ತು. ಮರಾಠಿ ಸೀಮೆಯ ವಾಕಡದ ಈ ಕಟ್ಟಡಕ್ಕೆ ಏಳು ಸ್ಲ್ಯಾಬು ಹಾಕಿದವರಲ್ಲಿ ಅವನೂ ಒಬ್ಬ. ಈಗ ಅದರ ನೆಲಮಹಡಿಯ ಹಾಲಿನಲ್ಲಿ ನವೆಂಬರದ ಕನ್ನಡ ಕೂಟ. ಬೈದವನು ಠೇಕೇದಾರ ನಿಜಲಿಂಗಪ್ಪ; ಕೂಟದ ಅಧ್ಯಕ್ಷನೂ ಅವನೇ. ಬೈದ ಬಾಯಿ ಒರೆಸಿಕೊಂಡು ಬಾಗಿಲಿಗೆ ಹೋಗಿ, "ಬರ್ರಿ, ಬರ್ರಿ, ನಾವೆಲ್ಲಾ ಒಂದ ಮನಿ ಮಂದಿ" ಎಂದು ಬಂದವರಿಗೆಲ್ಲ ಗುಲಾಬಿ ಕೊಡತೊಡಗಿದ.

ಮೂರು ತಿಂಗಳ ಹಿಂದೆ ಪಕ್ಕದ ಅರ್ಧ ಕಟ್ಟಿದ ಕಟ್ಟಡದ ನಾಲ್ಕನೇ ಅಂತಸ್ತಿನಿಂದ ಹುಸೇನಪ್ಪನ ಹೆಂಡತಿ ಅಕ್ಕು ಬಿದ್ದು ಸತ್ತಿದ್ದಳು. ಪೊಲೀಸ್ ಚೌಕಿಯಲ್ಲಿ ನಿಜಲಿಂಗಪ್ಪ, ಆಕೆ ನಮ್ಮ ಕೆಲಸದವಳೇ ಅಲ್ಲ, ಕಟ್ಟಿಗೆ ಆರಿಸಲು ಬಂದಿದ್ದಳು ಎಂದು ಬರೆಸಿದ. ಎರಡು ವರ್ಷ ಸಿಮೆಂಟು ಹೊತ್ತವಳು ಕಾಗದದ ಮೇಲೆ ಕಟ್ಟಿಗೆ ಕಳ್ಳಿಯಾದಳು. ಹುಸೇನಪ್ಪ ಅವನ ಕಾಲು ಹಿಡಿದ.

"ಆಕಿ ನಿಮ್ಮ ಕೆಲಸದಾಕಿ ಅಂತ ಒಂದ ಮಾತು ಬರೆಸ್ರಿ ಸಾವ್ಕಾರ್ರ. ಮತ್ತೇನೂ ಬ್ಯಾಡ್ರಿ."

ಹಿಡಿದೂ ಹಿಡಿದೂ ಕೊನೆಗೆ ಒಂದು ಮಾತು ಸಿಕ್ಕಿತು.

"ಶೆಡ್ಡಿನ್ಯಾಗ ಎಲ್ಲಾರ ಧ್ವನಿ ತಗದು ನಗಸ್ತೀಯಂತಲ್ಲಲೇ? ಕೂಟದಾಗ ನಗಸು. ಮಂದಿ ಹೊಟ್ಟಿ ಹಿಡಕೊಂಡು ನಕ್ರ ಸೋಮವಾರ ಚೌಕಿಗೆ ನಾನ ಬಂದು ಬರೆಸ್ತೀನಿ."

ಈಗ ಹಾಲಿನ ವೇದಿಕೆಯಲ್ಲಿ ಕಾರ್ಯಕ್ರಮ ನಡೆಸಿಕೊಡುತ್ತಿದ್ದ ಬೆಂಗಳೂರಿನ ಮಾಧುರಿ ಮೈಕು ಹಿಡಿದಿದ್ದಳು. "ಫ್ರೆಂಡ್ಸ್, ಕಮ್ಯುನಿಟಿ ಅಂದ್ರೆ ಎಲ್ರೂ ಅಲ್ವಾ? ಈಗ ಲೇಬರ್ ಕ್ಯಾಂಪಿಂದ ಒಂದು ಟ್ಯಾಲೆಂಟ್! ಬಾಪ್ಪಾ. ಚಪ್ಲಿ ಕೆಳಗೇ ಬಿಡು, ಕಾರ್ಪೆಟ್ ಇದೆ. ಹೆಸರೇನು?"

"ಹುಸೇನಪ್ಪ ರೀ."

"ಹಿಂದೂನಾ, ಮುಸ್ಲಿಮ್ಮಾ? ಒಂದು ಡಿಸೈಡ್ ಮಾಡ್ಕೊಪ್ಪಾ!"

ಸಭೆ ನಕ್ಕಿತು. ಅವನಿನ್ನೂ ಅಣಕು ಶುರುಮಾಡಿರಲಿಲ್ಲ.

ಅವನ ಬಾಯಲ್ಲಿ ಕಾಂಕ್ರೀಟಿನ ಮಿಶಿನ್ನು ಕೆಮ್ಮಿತು, ಗುರುಗುಟ್ಟಿತು, ಕೆಟ್ಟು ನಿಂತಿತು. ಅದೇ ಬಾಯಲ್ಲಿ ಮರಾಠಿ ವಾಚಮನ್ನು "ಏ, ಕುಠೇ ಚಾಲ್ಲಾಸ್?", ಎಲ್ಲಿಗೆ ಹೊರಟೆ, ಎಂದು ಗದರಿದ. ನಗೆ ಏರಿತು.

"ಅಧ್ಯಕ್ಷರದು ಮಾಡೋ!" ಎಂದು ಯಾರೋ ಕೂಗಿದರು. ಮುಂದಿನ ಸಾಲಿನ ಸೋಫಾದಲ್ಲಿ ಹರಡಿಕೊಂಡಿದ್ದ ನಿಜಲಿಂಗಪ್ಪ, ಮಾಡು ಮಾಡು ಎಂದು ದೊಡ್ಡ ಮನಸ್ಸಿನಿಂದ ಕೈಯಾಡಿಸಿದ.

ಹುಸೇನಪ್ಪ ಪ್ಯಾಂಟು ಮೇಲೆಳೆದುಕೊಂಡು ಎರಡು ಸಲ ಗಂಟಲು ಕೆರೆದ. ಅಷ್ಟಕ್ಕೇ ಮಂದಿ ಬಿದ್ದು ಬಿದ್ದು ನಕ್ಕರು. ಸೋಮವಾರ ಗಟ್ಟಿಯಾಯಿತು. ಇಲ್ಲಿಗೆ ನಿಲ್ಲಿಸಿ ಕೈಮುಗಿದರೆ ಸಾಕಿತ್ತು. ಆದರೆ ಆ ಗಂಟಲು ತೆಗೆದ ಮೇಲೆ ಅದರ ಮಾತು ತಡೆಯಲಾಗಲಿಲ್ಲ.

"ಏ, ನಮ್ಮಾಕಿ ಅಲ್ರೀ ಸಾಹೇಬ್ರ! ಯಾವಾಕಿನೋ, ಕಟಿಗಿ ಆರಿಸಾಕ ಬಂದಿದ್ಲು. ಲಗೂನ ಎತ್ತಸ್ರಿ, ನಾಳೆ ಸ್ಲ್ಯಾಬ್ ಅದ."

ನಗೆ ನಿಲ್ಲಲಿಲ್ಲ. ನಿಜಲಿಂಗಪ್ಪನದು ಮಾತ್ರ ನಿಂತಿತು.

ಹುಸೇನಪ್ಪ ವೇದಿಕೆಯ ಅಂಚಿನಲ್ಲಿ, ಅದು ಸ್ಲ್ಯಾಬಿನ ಅಂಚೆಂಬಂತೆ, ಬೋರಲು ಮಲಗಿ ಕೈ ಕೆಳಗೆ ಚಾಚಿದ. ಗಂಡಸಿನ ಗಂಟಲಿನಿಂದ ಸಣ್ಣ, ಏದುಸಿರಿನ ಹೆಣ್ಣು ದನಿ ಬಂತು.

"ಹಿಡಿಯೋ... ಬುಟ್ಟಿ ಭಾಳ ವಜ್ಜಿ ಅದ. ಹಿಡದಿಯೇನು?"

"ಹಿಡದೆ," ಎಂದ, ತನ್ನ ದನಿಯಲ್ಲಿ.

ನಾಲಿಗೆಯಿಂದ, ಕೆಳಗೆ ಆಕೆ ನಿಂತಿದ್ದ ಬೊಂಬು ಮುರಿದ ಸದ್ದು ಮಾಡಿದ. ಇಲ್ಲದ ಬುಟ್ಟಿಯನ್ನು ಎರಡೂ ಕೈಯಿಂದ ಎದೆಗವಚಿಕೊಂಡು, ಕೆಳಗೆ ನೋಡಿದ.

ಶಿಳ್ಳೆ ಬಿತ್ತು. "ವನ್ಸ್ ಮೋರ್! ವನ್ಸ್ ಮೋರ್!"

"ಮೈಕ್ ಬಂದ್ ಮಾಡ್ರಿ! ಕುಡದಾನ ಸೂಳೇಮಗ!" ನಿಜಲಿಂಗಪ್ಪ ಎದ್ದು ಅರಚಿದ.

ಮೈಕು ಸತ್ತಿತು. ಹುಸೇನಪ್ಪ ತಲೆಯೆತ್ತಿದ. "ಆಕಿ ಹೆಸರು ಅಕ್ಕು ರೀ. ಇವ್ರ ಕೆಲಸದಾಕಿ. ಬುಟ್ಟಿ ಹಿಡದ್ನಿ, ಆಕಿ ಕೈ ಹಿಡೀಲಿಲ್ರಿ."

ಮತ್ತೆ ಮಲಗಿ ಕೈ ಚಾಚಿದ. "ಹಿಡದಿಯೇನು?"

ಈ ಸಲ ಯಾರೂ ನಗಲಿಲ್ಲ. ಮಾಧುರಿ ವಾಚು ನೋಡಿಕೊಂಡಳು. "ಫ್ರೆಂಡ್ಸ್, ಊಟ ರೆಡಿ ಇದೆ. ಪ್ಲೀಸ್, ಒಂದೇ ಲೈನಲ್ಲಿ ಹೋಗಿ."

ಕುರ್ಚಿಗಳು ಸರಿದವು. ವೇದಿಕೆಯಿಂದ ಜೋತುಬಿದ್ದ ಆ ಕೈಗೆ ತಾಗದ ಹಾಗೆ ಸೀರೆ, ಜುಬ್ಬ ಸರಿಪಡಿಸಿಕೊಳ್ಳುತ್ತ ಒಬ್ಬೊಬ್ಬರಾಗಿ ಹಾದುಹೋದರು.

"ಹಿಡದಿಯೇನು?" ಎಂದು ಅಕ್ಕು ಕೇಳುತ್ತಲೇ ಇದ್ದಳು.