ಅಂಗಿಯ ಬೆನ್ನು

ಸೆಕೆಯೆಂದು ಪರೀಕ್ಷೆಯ ಕೋಣೆಯ ಬಾಗಿಲನ್ನು ಒಂದು ಗೇಣು ತೆರೆದಿಟ್ಟಿದ್ದರು. ಬಾಗಿಲ ಮೇಲರ್ಧಕ್ಕೆ ಗಾಜು. ಹೊರಗಿನ ಬೆಂಚಿನಲ್ಲಿ ಕೂತ ನನಗೆ ಒಳಗಿನ ಮಾತು ಕೇಳುತ್ತಿತ್ತು, ಸೊಸೆಯ ಮುಖ ಕಾಣುತ್ತಿತ್ತು. ಅವಳೆದುರು ಕೂತ ಪರೀಕ್ಷಕರದು ಬೆನ್ನು ಮಾತ್ರ.

"ಕೂತ್ಕೊಳ್ಳಿ ಅಮ್ಮಾ, ಆದ್ರೆ ತುಟಿಪಿಟಕ್ ಅನ್ಬೇಡಿ," ಎಂದ ಜವಾನ. "ಬೆಳಗ್ಗೆ ಒಬ್ಬ ಅಣ್ಣ ತಂಗಿಗೆ ಉತ್ತರ ಪಿಸುಗುಟ್ಟಿದ. ಇಬ್ರನ್ನೂ ಗೇಟಿನಾಚೆ ಬಿಟ್ಟು ಬಂದೆ. ಅವಳ ಸೀಟೂ ಹೋಯ್ತು."

"ನನಗೇನಪ್ಪಾ ಗೊತ್ತು ಫ್ರೆಂಚು? ನಾನು ಇಸ್ತ್ರಿ ಮಾಡೋಳು," ಎಂದೆ.

ಅದು ಪೂರ್ತಿ ನಿಜವಲ್ಲ. ಅರ್ಥ ಗೊತ್ತಿಲ್ಲ, ಪಾಠ ಬಾಯಿಗೆ ಬಂದಿದೆ. ಸೊಸೆ ನರ್ಸಿಂಗ್ ಶಾಲೆಗೆ ಅರ್ಜಿ ಹಾಕಿದಾಗಿನಿಂದ ನಮ್ಮ ಇಸ್ತ್ರಿ ಅಂಗಡಿಯಲ್ಲಿ ಅದೇ ಪಾರಾಯಣ. ಅದು ಫ್ರೆಂಚರು ಕಟ್ಟಿದ ಶಾಲೆ, ಪಾಠವೆಲ್ಲ ಫ್ರೆಂಚಿನಲ್ಲಿ. ಬರವಣಿಗೆಯಲ್ಲಿ ಗೆದ್ದಿದ್ದಳು, ಉಳಿದದ್ದು ಬಾಯಿಮಾತಿನ ಪರೀಕ್ಷೆ. ಇಂದು ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಅರ್ಜಿ ಹಾಕುವಂತಿಲ್ಲ.

"'ಪಾರ್ಲೇ' ಅಂದ್ರೆ ಮಾತಾಡು," ಎಂದು ನನಗೆ ಬಿಡಿಸಿ ಹೇಳಿದ್ದಳು. "ಬುಡ ಹಾಗೇ ಇಟ್ಟು ಬಾಲ ಹಚ್ಚೋದು ಅತ್ತೆ. ಆಗ 'ಅವಕಾಶ ಸಿಕ್ಕಿದ್ರೆ ಮಾತಾಡ್ತಿದ್ದೆ' ಅನ್ನೋ ಅರ್ಥ ಬರುತ್ತೆ."

"ಸಿಗದಿದ್ರೆ?"

"ಸಿಗದಿದ್ರೆ ನಿಮ್ಮ ಮಗನ ತರ, ಸುಮ್ನೆ ತಿಂದು ಮಲಗೋದು."

ಮಗ ಲಾರಿ ಓಡಿಸುತ್ತಾನೆ. ಇವಳ ಜಪ ಕೇಳಿ ಕೇಳಿ ಹೆಂಡತಿಗೆ 'ಗಿಣಿ' ಎಂದು ಹೆಸರಿಟ್ಟವನು ಅವನೇ.

ಆದರೆ ಗಿಣಿಯ ತಲೆಯಲ್ಲಿ ಪಾಠ ನಿಲ್ಲುತ್ತಿರಲಿಲ್ಲ. ನಾನೇ ಒಂದು ದಾರಿ ಹೇಳಿದೆ. ನನ್ನ ಅಪ್ಪ ಮಗ್ಗದ ಮುಂದೆ ಕೂತು ಪದ್ಯ ಹೇಳುತ್ತಿದ್ದರು, ಲಾಳಿ ಒಮ್ಮೆ ಓಡಿದರೆ ಒಂದು ಸಾಲು. ಕೈಗೆ ಕಟ್ಟಿದ ಮಾತು ಬಾಯಿ ಬಿಟ್ಟು ಹೋಗುವುದಿಲ್ಲ ಎನ್ನುತ್ತಿದ್ದರು. ಅಂಗಿಗೂ ಆರು ಭಾಗ, ನಾನು, ನೀನು, ಅವನು, ನಾವು, ನೀವು, ಅವರು ಎಂದು ಆ ಪಾಠಕ್ಕೂ ಆರು ಸಾಲು. ಕಾಲರಿಗೆ 'ಜ ಪಾರ್ಲರೆ', ಹೆಗಲಿಗೆ 'ತ್ಯು ಪಾರ್ಲರೆ', ಕಫ್ಫಿಗೆ 'ಇಲ್ ಪಾರ್ಲರೆ', ತೋಳಿಗೆ 'ನೂ ಪಾರ್ಲರಿಯೋಂ', ಬೆನ್ನಿಗೆ 'ವೂ ಪಾರ್ಲರಿಯೇ', ಕೊನೆಗೆ ಎದೆಗೆ ಮತ್ತೆ 'ಇಲ್ ಪಾರ್ಲರೆ'. ಇಸ್ತ್ರಿ ಪೆಟ್ಟಿಗೆ ಓಡಿದಂತೆ ಮಾತೂ ಓಡಿತು. ಇಬ್ಬರೂ ಹಿಗ್ಗಿದೆವು.

ಅಂಗಿಯಿಲ್ಲದೆ ಹೇಳಬೇಕಾದೀತು ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಒಳಗೆ ಪರೀಕ್ಷಕರು ಪ್ರಶ್ನೆ ಕೇಳಿದರು. 'ಪಾರ್ಲೇ' ಎಂಬ ಸದ್ದು ನನಗೂ ತಿಳಿಯಿತು. ಸೊಸೆಯ ಬಲಗೈ ಬರಿಯ ಮೇಜಿನ ಮೇಲೆ ಒಂದಿಷ್ಟು ಸರಿದು ನಿಂತಿತು. ಬಾಯಿ ತೆರೆಯಿತು, ಮಾತಿಲ್ಲ. ಹಣೆಯ ಬೆವರು ಹುಬ್ಬಿಗಿಳಿಯಿತು.

ದೇವರೇ, ಎಂದು ಕಣ್ಣು ಮುಚ್ಚಿದೆ. ತೆರೆದಾಗ ಅವಳು ಪರೀಕ್ಷಕರ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದಳು.

"ಜ ಪಾರ್ಲರೆ."

ಪಾಪ, ಆತ ಕಾಲರು ಮುಟ್ಟಿ ನೋಡಿಕೊಂಡರು. ಅವಳ ಕಣ್ಣು ಹೆಗಲಿಗೆ ಸರಿಯಿತು. "ತ್ಯು ಪಾರ್ಲರೆ." ಕಫ್ಫಿಗಿಳಿಯಿತು. "ಇಲ್ ಪಾರ್ಲರೆ." ತೋಳಿನುದ್ದಕ್ಕೂ ಓಡಿತು. "ನೂ ಪಾರ್ಲರಿಯೋಂ."

ಆಮೇಲೆ ನಿಂತಿತು.

ಆತ ಅವಳಿಗೆ ಎದುರಾಗಿ ಕೂತಿದ್ದಾರೆ. ಬೆನ್ನು ಅವಳಿಗೆ ಹೇಗೆ ಕಂಡೀತು? ಇಸ್ತ್ರಿಯ ಗೆರೆ ಬಿದ್ದ ಆ ಬಿಳಿ ಬೆನ್ನು ಇತ್ತ ನನ್ನ ಕಣ್ಣಿಗೆ ರಾಚುತ್ತಿತ್ತು. ನೇರವಾಗಿ ಎದೆಗೆ ಹಾರಲು ಅವಳಿಗೆ ಬಾರದು. ನಾವು ಹಾಗೆ ಕಲಿತೇ ಇರಲಿಲ್ಲ.

"ವೂ..." ಎಂದಳು. ಅಲ್ಲೇ ತಡವರಿಸಿದಳು. ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು.

ಅವಳ ಕಣ್ಣು ಗಾಜಿನಾಚೆಗೆ ಬಂತು, ನನ್ನ ಮೇಲೆ ನಿಂತಿತು.

ನಮ್ಮ ಮನೆಯಲ್ಲಿ ಪದ್ಯ ಹೇಳುವವರು ತಡವರಿಸಿದರೆ ಕೇಳುವವರು ಮುಂದಿನ ಪದ ಎತ್ತಿಕೊಡಬೇಕು. ಕೊಡದಿದ್ದರೆ ಪಾಪ ಎಂದೇ ಬೆಳೆಸಿದ್ದರು. ಅಪ್ಪ ಎಡವಿದಾಗೆಲ್ಲ ನಾನು ಎತ್ತಿಕೊಟ್ಟವಳು. ಆ ಪದ ನನ್ನ ನಾಲಿಗೆಯ ತುದಿಗೆ ಬಂದು ಕೂತೇಬಿಟ್ಟಿತು. ತುಟಿ ತಾನಾಗಿ ಅಗಲವಾಗುತ್ತಿತ್ತು. ಪಕ್ಕದಲ್ಲಿ ಜವಾನ ನನ್ನ ಬಾಯಿಯನ್ನೇ ನೋಡುತ್ತಿದ್ದ.

ಹೇಳಿದರೆ ಸೀಟು ಹೋಗುತ್ತದೆ. ಹೇಳದಿದ್ದರೂ ಹೋಗುತ್ತದೆ. ಅವಳ ಮುಖ ನೋಡುತ್ತ ಬಾಯಿ ಕಟ್ಟಿಕೊಂಡಿರುವುದು ನನ್ನಿಂದಾಗದು. ಸೆರಗು ಬಾಯಿಗೆ ತುರುಕಿಕೊಂಡು ದಡಕ್ಕನೆ ಎದ್ದೆ, ಬಾಗಿಲಿಗೆ ಬೆನ್ನು ಮಾಡಿ ಗೋಡೆಗೆ ಮುಖವಿಟ್ಟು ನಿಂತೆ. ಹಲ್ಲು ಕಚ್ಚಿದೆ.

ಒಳಗೆ ಫ್ಯಾನು ಕಿರ್ರೆನ್ನುತ್ತಿತ್ತು.

"...ಪಾರ್ಲರಿಯೇ," ಎಂದಿತು ಸೊಸೆಯ ದನಿ. ಹಿಂದೆಯೇ, ಒಂದೇ ಉಸಿರಿಗೆ, "ಇಲ್ ಪಾರ್ಲರೆ!"

ಪರೀಕ್ಷಕರು ಏನೋ ಹೇಳಿದರು. ಕುರ್ಚಿ ಸರಿದ ಸದ್ದು. ನಾನು ತಿರುಗಲಿಲ್ಲ.

ಬೆನ್ನ ಮೇಲೆ ಒಂದು ಅಂಗೈ ಬಿತ್ತು. ಕುತ್ತಿಗೆಯಿಂದ ಸೊಂಟದವರೆಗೆ ಒತ್ತಿ ಎಳೆಯಿತು, ಇಸ್ತ್ರಿ ಪೆಟ್ಟಿಗೆಯ ಹಾಗೆ.

"ಬರೋವಾಗ್ಲೇ ಬಡ್ಕೊಂಡೆ, ಅಂಗಡೀಲಿ ಹಾಕೋ ಈ ಅಂಗಿ ಬಿಚ್ಚಿಟ್ಟು ಬನ್ನಿ ಅಂತ," ಎಂದಳು ಸೊಸೆ. ಸೀರೆಯ ಮೇಲೆ ಮಗನ ಹಳೆಯ ಅಂಗಿ ಹಾಗೇ ಉಳಿದಿದ್ದು ಆಗಲೇ ನನ್ನ ನೆನಪಿಗೆ ಬಂದದ್ದು. "ಊರವರ ಅಂಗಿಯೆಲ್ಲ ಗರಿಗರಿ, ನಮ್ಮತ್ತೆ ಬೆನ್ನು ನೋಡಿದ್ರೆ ಮುದುರಿ ಮುದ್ದೆ! ಕಂಡ ಕೂಡ್ಲೇ ಕೈ ತುರಿಸ್ತು, ಬೆನ್ನಿನ ಸಾಲು ತಾನಾಗೇ ಬಂತು."

"ಸೀಟು?"

"ಸಿಕ್ತು."

ನಾನು ಜವಾನನ ಕಡೆ ತಿರುಗಿದೆ. "ನಾನೇನೂ ಹೇಳ್ಲಿಲ್ಲಪ್ಪಾ. ದೇವರಾಣೆ, ಒಂದಕ್ಷರ ಹೇಳ್ಲಿಲ್ಲ."

"ನೋಡ್ತಾನೇ ಇದ್ದೆನಲ್ಲಮ್ಮಾ," ಎಂದ ಅವನು. "ಬಾಯಲ್ಲಿ ಅರ್ಧ ಸೀರೆ ಇತ್ತು. ಹೇಳೋದಾದ್ರೂ ಹೇಗೆ? ಈಗಾದ್ರೂ ಅದನ್ನ ತೆಗೀರಿ."

ಸೆರಗಿನ ತುದಿ ಇನ್ನೂ ಹಲ್ಲಿನ ನಡುವೆಯೇ ಸಿಕ್ಕಿಕೊಂಡಿತ್ತು.