ಬೀಗರು ಕೈಮುಗಿದ ಹಾಡು

ಹೊಸಬಾಳೆಯಲ್ಲಿ ಸ್ಪಂದನಳ ಧಾರೆ ಮುಗಿದು, ಬಳ್ಳಿಗಾವಿಯಿಂದ ಬಂದ ಗಂಡಿನ ಕಡೆಯವರು ಚಪ್ಪರದಡಿ ಊಟಕ್ಕೆ ಕೂತಿದ್ದರು. ಬೀಗರು ಎಲೆಯ ಮುಂದೆ ಕೂತಾಗ ಹೆಣ್ಣಿನ ಕಡೆಯ ಹೆಂಗಸರು ಹಾಡಿನಲ್ಲೇ ಅವರನ್ನು ಗೇಲಿ ಮಾಡಬೇಕು, ಬೀಗರು ಹಾಡಿನಲ್ಲೇ ತಿರುಗಿಸಿ ಕೊಡಬೇಕು. ಗೇಲಿಗೆ ಸಿಗದ ಬೀಗ, ತನ್ನನ್ನು ಯಾರೂ ಲೆಕ್ಕಕ್ಕೇ ಇಟ್ಟಿಲ್ಲವೆಂದು ಮುನಿಸಿಕೊಳ್ಳುವುದೂ ಉಂಟು. ಹುಡುಗಿಯ ಸೋದರತ್ತೆ ಮಾಳಮ್ಮ ಮೆಕ್ಕೆಜೋಳ ಸುಲಿಯುತ್ತ ಕೂತಾಗಲೇ ಹೊಸ ಹಾಡೊಂದನ್ನು ಕಟ್ಟಿಟ್ಟುಕೊಂಡಿದ್ದಳು. ವರನ ಸೋದರಮಾವ ಸದಾಶಿವಪ್ಪನ ಹೊಟ್ಟೆಯ ಮೇಲಿನ ಹಾಡು ಅದು.

ಮೈಕ್ ಸೆಟ್ ಶಿಕಾರಿಪುರದ ಫಯಾಜನದು. ಮಿಕ್ಸರಿನ ಪಕ್ಕದಲ್ಲಿ ಅವನು ಹೊಸದಾಗಿ ತಂದ, ದನಿಗೆ ಮಾರ್ದನಿ ಕೂಡಿಸುವ ಎಫೆಕ್ಟ್ಸ್ ಪೆಟ್ಟಿಗೆ ಹಸಿರು ದೀಪ ಬಿಟ್ಟುಕೊಂಡು ಕೂತಿತ್ತು.

“ರಿವರ್ಬ್ ಫುಲ್ ಇಟ್ಟೀನಿ ಅಮ್ಮಾ. ದೊಡ್ಡ ಗುಡಿಯೊಳಗೆ ನಿಂತು ಹಾಡ್ದಂಗೆ ಬರ್ತತಿ ನೋಡ್ರಿ,” ಎಂದ.

ಬಂತು ಕೂಡ. ಮಾಳಮ್ಮನ ಒಂದೊಂದು ಪದವೂ ಚಪ್ಪರವನ್ನೆಲ್ಲ ಸುತ್ತಿ, ಮುಗಿಯುವ ಮೊದಲೇ ಮುಂದಿನ ಪದದ ಮೈಮೇಲೆ ಬಿತ್ತು. ಮಾತು ಒಂದೂ ಉಳಿಯಲಿಲ್ಲ. ಗಂಭೀರವಾದ ದನಿಯೊಂದು ಮಾತ್ರ ಉಳಿಯಿತು. ಸದಾಶಿವಪ್ಪ ತುತ್ತು ಎಲೆಗೆ ಬಿಟ್ಟು, ಎಂಜಲು ಕೈಯಲ್ಲೇ ಕೈಮುಗಿದ. ಪಕ್ಕದಲ್ಲಿದ್ದ ಅವನ ಹೆಂಡತಿ ತಾಯಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು, “ಯಾವ ದೇವ್ರ ಪದಾನೋ, ಭಾಳ ಚಂದೈತಿ,” ಎಂದಳು. ಅವಳನ್ನು ನೋಡಿ ಪಂಕ್ತಿಯುದ್ದಕ್ಕೂ ಕೈಗಳು ಸೇರಿಕೊಂಡವು.

ಮಾಳಮ್ಮ ಹಾಡು ನಿಲ್ಲಿಸಿದಳು.

“ಹೊಟ್ಟೆಬಾಕ ಅಂದ್ರೆ ಕೈ ಮುಗೀತಾರಲ್ಲ ಮಾರಾಯ! ಇವ್ರು ಉಂಡು ಎದ್ದುಬಿಟ್ರೆ ನನ್ನ ಹಾಡು ಹೊಳೆಗೆ ಬಿದ್ದಂಗೇ. ತೆಗಿ ಆ ಎಕೋನ.”

ಫಯಾಜ್ ಮನಸ್ಸಿಲ್ಲದ ಮನಸ್ಸಿನಿಂದ ಪೂರ್ತಿ ತೆಗೆದ. ಈಗ ಮಾಳಮ್ಮನ ಉಸಿರು, ಬಳೆ, ಉಗುಳು ನುಂಗಿದ್ದು ಎಲ್ಲವೂ ಸ್ಪೀಕರಿನಲ್ಲಿ ಬಿಡಿಬಿಡಿಯಾಗಿ ಕೇಳಿಸಿತು. ಅವಳು ಮೈಕನ್ನು ದೂರ ಹಿಡಿದಳು.

“ಇದೇನಾ, ಬಚ್ಚಲ ಬಾಗ್ಲು ತೆಗ್ದಿಟ್ಟು ಮೈ ತೊಳ್ಕೊಂಡಂಗಾಯ್ತು! ಹಿಂಗಾದ್ರೆ ನಾನು ಹಾಡದೇ ಇಲ್ಲ.”

“ಇದ್ರೂ ಬ್ಯಾಡ, ಇಲ್ದಿದ್ರೂ ಬ್ಯಾಡ ಅಂದ್ರೆ ಹೆಂಗ್ರೀ ಅಮ್ಮಾ?”

“ಇವತ್ತಿನ ಸಾರಿಗೆ ಉಪ್ಪು ಹಾಕಿದವನೂ ನೀನೇ ಏನಾ? ಹಾಕಿದ್ರೆ ಹಿಡಿಗಟ್ಲೆ, ಇಲ್ದಿದ್ರೆ ಒಂದು ಕಾಳೂ ಇಲ್ಲ!”

ಸುತ್ತ ಕೂತ ಹೆಂಗಸರು ನಕ್ಕರು. ಹೋಳಿಗೆ ಎರಡನೇ ಸಲ ಬರುತ್ತಿತ್ತು; ಅದಾದರೆ ಅನ್ನ, ಮಜ್ಜಿಗೆ, ಅಷ್ಟೇ. ಫಯಾಜ್ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತ. ದೊಡ್ಡ ಸಭಾಂಗಣದ ಮಾರ್ದನಿ ಕೊಡುವ ‘ಹಾಲ್’ ಇದ್ದದ್ದನ್ನು ಸಣ್ಣ ಕೋಣೆಯ ‘ರೂಮ್’ ಮಾಡಿದ. ದನಿಯ ಬಾಲವನ್ನು ಮೋಟು ಮಾಡಿದ. ಪದ ಬಾಯಿಂದ ಹೊರಬಿದ್ದ ಮೇಲೆ ಮಾರ್ದನಿ ಒಂದು ಕ್ಷಣ ತಡೆದು ಅದರ ಹಿಂದೆ ಬರುವಂತೆ ತಿರುಗಿಸಿದ.

“ಹಾಡಬ್ಯಾಡ್ರಿ. ಯಾರಿಗಾದ್ರೂ ಒಂದ್ ಮಾತು ಬೈರಿ, ನೋಡಾನ.”

ಮಾಳಮ್ಮನಿಗೆ ಅದೇನೂ ಕಷ್ಟವಾಗಿರಲಿಲ್ಲ. “ಏ ಈಶ್ವರ, ಆ ಕೊನೆ ಎಲೆಗೆ ತುಪ್ಪ ನಿಮ್ಮಪ್ಪ ಬಂದು ಬಡಿಸ್ತಾನೇನಾ?”

ಚಪ್ಪರದ ಆಚೆ ತುದಿಯಲ್ಲಿ ಬಡಿಸುವುದು ಬಿಟ್ಟು ಮಾತಾಡುತ್ತ ನಿಂತಿದ್ದ ಈಶ್ವರ ಬೆಚ್ಚಿಬಿದ್ದು, ತುಪ್ಪದ ಗಿಂಡಿ ಹಿಡಿದು ಓಡಿದ. ಫಯಾಜ್ ಇನ್ನೊಂದು ಕೂದಲೆಳೆಯಷ್ಟು ಇಳಿಸಿ ಕೈ ತೆಗೆದ.

“ಹಾಂ, ಈಗ ಹೊಡೀರಿ.”

ಬೀಗಣ್ಣ ಬಂದಾನೆ ಬಿಳಿಯಂಗಿ ತೊಟ್ಕೊಂಡು
ಹೋಳಿಗೆ ಕಂಡು ನಕ್ಕಾನೆ, ಮೆಲ್ಲಾಕೆ
ಹೊಟ್ಟೆ ಮ್ಯಾಲಿನ ಗುಂಡಿ ಬಿಚ್ಯಾನೆ

ಸದಾಶಿವಪ್ಪನ ಕೈ ಬಾಯಿಯ ಹತ್ತಿರ ನಿಂತಿತು. ಬಗ್ಗಿ ನೋಡಿಕೊಂಡ, ಗುಂಡಿ ನಿಜಕ್ಕೂ ಬಿಚ್ಚಿತ್ತು. ಪಂಕ್ತಿಗೆ ಪಂಕ್ತಿಯೇ ನಗುವಾಗ ಅವನ ಮುಖ ಅರಳಿತು. “ನನ್ ಮ್ಯಾಲೆ ಹಾಡ್ಯಾರಲೇ!” ಎಂದು ಆಚೀಚೆಯವರಿಗೆ ಗುಂಡಿ ತೋರಿಸಿದ.

“ಆಗಿಂದ ಬೈಯಾಕತ್ತಿದ್ರೇನು? ನಾನು ಕೈ ಬ್ಯಾರೆ ಮುಗುದ್ನಲ್ರೀ!” ತಾಯಮ್ಮ ಅರ್ಧ ಊಟಕ್ಕೇ ಎದ್ದು, ಲೋಟದ ನೀರಲ್ಲಿ ಕೈ ತೊಳೆದು ಮೈಕಿನ ಹತ್ತಿರ ಬಂದಳು. “ತಮ್ಮಾ, ಪೆಟ್ಟಿಗಿ ಮುಟ್ಟಬ್ಯಾಡ. ಬೀಗಿತ್ತಿಗೆ ಇಟ್ಟಂಗೇ ನಂಗೂ ಇರ್ಲಿ.”

ಹೊಸಬಾಳೆ ಬೀಗಿತ್ತಿ ಹೋಳಿಗೆ ತಟ್ಯಾಳೆ
ಎತ್ತಿ ಹಿಡಿದಾರೆ ಕಂಡಾವೆ, ಅದರಾಚೆ
ಬಳ್ಳಿಗಾವಿ ಗುಡಿಯ ಕಳಸಾವೆ

ಮಾಳಮ್ಮ ಹಣೆ ಚಚ್ಚಿಕೊಂಡು ನಕ್ಕಳು. ನಗು ಮುಗಿಯುವ ಮೊದಲೇ ಅವಳ ಕೈ ಮೈಕಿಗೆ ಚಾಚಿತ್ತು, ತಾಯಮ್ಮ ಕೊಡಲಿಲ್ಲ. “ತಡೀರಿ ಬೀಗಿತ್ತಿ, ಇನ್ನೊಂದೈತಿ.” ಅನ್ನ ತಂದವರು ಪಾತ್ರೆ ಕೆಳಗಿಟ್ಟು ಅಲ್ಲೇ ನಿಂತರು.