ಅಕ್ಕನ ಎರಡು ಸ್ಪೇಸ್

ನಾನು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ಅಲ್ಪವಿರಾಮ ಕೂದಲೆಳೆಯಷ್ಟು ಸರಿದರೂ ಮೂಗಿನ ತುದಿಗೆ ಕೋಪ ಬರುತ್ತದೆ. ಅಕ್ಕ ಕಚೇರಿಯಲ್ಲಿ ಟೈಪಿಸ್ಟ್. ನಮ್ಮಿಬ್ಬರ ನಡುವೆ ಇದ್ದದ್ದು ಒಂದೇ ಜಗಳ: ಪೂರ್ಣವಿರಾಮದ ನಂತರದ ಖಾಲಿ ಜಾಗ. ಮನೆಯಲ್ಲಿ ಏನೇ ಟೈಪ್ ಮಾಡಲಿ, ವಾಕ್ಯ ಮುಗಿದ ಮೇಲೆ ಅವಳು ಎರಡು ಸ್ಪೇಸ್ ಬಿಡುತ್ತಿದ್ದಳು.

“ಒಂದು ಸಾಕು ಕಣೇ. ಹಳೇ ಟೈಪ್‌ರೈಟರ್ ಕಾಲ ಮುಗೀತು. ಪುಟ ಹಲ್ಲುದುರಿದ ಹಾಗೆ ಕಾಣುತ್ತೆ,” ಎನ್ನುತ್ತಿದ್ದೆ.

“ನಿನ್ನ ಪುಟ ನಿಂಗೆ, ನನ್ನ ಪುಟ ನಂಗೆ,” ಎಂದು ನಗುತ್ತಿದ್ದಳು. ನಾನೋ, ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವಳು, ಬಿಡುತ್ತಿರಲಿಲ್ಲ.

ಭಾವನಿಗೆ ಮಾತು ತೊದಲುತ್ತದೆ. ವರ್ಕ್‌ಶಾಪಿನಲ್ಲಿ ಮೂವತ್ತು ವರ್ಷ ಇಂಜಿನ್ನುಗಳ ಜೊತೆಗಿದ್ದು, ಮನುಷ್ಯರೊಡನೆ ಆದಷ್ಟು ಕಡಿಮೆ ಮಾತಾಡಿದವರು. ಕೆಲಸ ಕಲಿಸಿದ ಮೇಸ್ತ್ರಿ ನಿವೃತ್ತರಾಗುವಾಗ ಮಾತ್ರ, “ಬೀಳ್ಕೊಡುಗೆ ಮಾತು ನಾ... ನಾನೇ ಓದ್ತೀನಿ,” ಎಂದರು. ಮೊದಲ ದಿನ ಹೆಸರು ಹೇಳಲು ಭಾವ ತಡವರಿಸಿದಾಗ ಎಲ್ಲರೂ ನಕ್ಕಿದ್ದರಂತೆ. ನಗದೆ, ಹೆಸರು ಮುಗಿಯುವವರೆಗೂ ಕಾದು ನಿಂತವರು ಆ ಮೇಸ್ತ್ರಿಯೊಬ್ಬರೇ. ಅದನ್ನು ಒಮ್ಮೆಯಾದರೂ ಎಲ್ಲರೆದುರು ಹೇಳಬೇಕೆಂಬುದು ಭಾವನ ಆಸೆ.

ಭಾವ ಬರೆದದ್ದನ್ನು ಅಕ್ಕ ಟೈಪ್ ಮಾಡಿದಳು. ಎರಡು ವಾರ ನಾನು ಹೋದಾಗಲೆಲ್ಲ ಕೋಣೆಯ ಬಾಗಿಲು ಹಾಕಿರುತ್ತಿತ್ತು. ಒಳಗಿನಿಂದ ಓದುವ ದನಿ, ನಡುನಡುವೆ ಮೇಜು ಬಡಿದ ಸದ್ದು. ಬೀಳ್ಕೊಡುಗೆ ಸಭೆಯ ಹಿಂದಿನ ದಿನ ಅಕ್ಕ, “ನಿಮ್ಮ ಪ್ರೆಸ್ಸಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಪ್ರತಿ ತೆಗೆದುಕೊಡೇ, ಅವರ ಕನ್ನಡಕ ಕೈಕೊಡುತ್ತೆ,” ಎಂದು ಫೈಲು ಕಳಿಸಿದಳು.

ತೆರೆದರೆ ಅವೇ ಎರಡೆರಡು ಸ್ಪೇಸ್. ಕಂಪ್ಯೂಟರಿಗೆ ಒಂದೇ ಆಜ್ಞೆ ಕೊಟ್ಟು ಅಷ್ಟನ್ನೂ ಒಂದೊಂದು ಮಾಡಿದೆ. ಪುಟ ಅಚ್ಚುಕಟ್ಟಾಯಿತು. ಉಪಕಾರ ಮಾಡಿದೆನೆಂದು ಬೀಗಿದೆ ಕೂಡ.

ಸಭೆಯಲ್ಲಿ ಪ್ರತಿಯನ್ನು ಭಾವನ ಕೈಗಿಟ್ಟು ಅಕ್ಕನ ಪಕ್ಕ ಕುಳಿತೆ. ಮೊದಲ ವಾಕ್ಯ ಸಲೀಸಾಗಿ ಹೋಯಿತು. ಎರಡನೆಯದು ಅದರ ಬೆನ್ನಿಗೇ ಬಂತು, ಮೂರನೆಯದು ಎರಡನೆಯದರ ಮೇಲೆ ಬಿತ್ತು. ನಾಲ್ಕನೆಯದು ‘ಮೇ... ಮೇ...’ ಎಂದು ಗಂಟಲಲ್ಲೇ ನಿಂತಿತು. ಹಿಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು.

“ಸ್ಪೇಸ್ ತೆಗೆದ್ಯಾ?” ಅಕ್ಕ ಪಿಸುಗುಟ್ಟಿದಳು. “ಅಲ್ಲೇ ಕಣೇ ಅವರು ಉಸಿರು ತಗೊಳ್ಳೋದು.”

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅಕ್ಕ ಬೈಯಲಿಲ್ಲ. ಮುಂದಿನ ಕುರ್ಚಿಯ ಬೆನ್ನಿನ ಮೇಲೆ ಹೆಬ್ಬೆರಳಿನಿಂದ ಎರಡು ಸಲ ಬಡಿದಳು: ಟಕ್, ಟಕ್. ಭಾವ ತಲೆಯೆತ್ತಿ ಅವಳನ್ನು ನೋಡಿದರು. ಉಸಿರೆಳೆದುಕೊಂಡರು.

“ಮೇಸ್ತ್ರಿಗಳು ಅವತ್ತು ನಗಲಿಲ್ಲ.”

ಟಕ್, ಟಕ್.

“ನನ್ನ ಹೆಸರು ಮುಗಿಯೋ ತನಕ ಕಾದರು.”

ಹೀಗೆ ಕೊನೆಯವರೆಗೂ. ಮೇಸ್ತ್ರಿ ಎದ್ದು ಬಂದು ಭಾವನನ್ನು ತಬ್ಬಿಕೊಂಡಾಗ ನನಗೆ ಅಳು ತಡೆಯಲಾಗಲಿಲ್ಲ.

ದಾರಿಯಲ್ಲಿ, “ಮೊದಲೇ ಹೇಳಬಾರದಿತ್ತೇನೇ?” ಎಂದೆ.

“ಆಫೀಸಲ್ಲಿ ನಾನೂ ಒಂದೇ ಬಿಡೋದು, ಇಪ್ಪತ್ತು ವರ್ಷ ಆಯ್ತು. ಮನೇಲಿ ಎರಡು ಬಿಡೋದು ಇವರು ಗಟ್ಟಿಯಾಗಿ ಓದಿ ಅಭ್ಯಾಸ ಮಾಡ್ಲಿ ಅಂತ. ನಿನ್ನ ಬಾಯಲ್ಲೋ ಎಳ್ಳು ನೆನೆಯಲ್ಲ, ಹೇಗೆ ಹೇಳಲಿ?” ಎಂದಳು.

ಮೇಸ್ತ್ರಿಯ ಹೆಂಡತಿಗೆ ಸಭೆಗೆ ಬರಲಾಗಿರಲಿಲ್ಲ. ಭಾನುವಾರ ಮನೆಗೆ ಬಂದು ಅವರಿಗಾಗಿ ಇನ್ನೊಮ್ಮೆ ಓದಬೇಕೆಂದು ಮೇಸ್ತ್ರಿ ಭಾವನನ್ನು ಕರೆದಿದ್ದರು. ಮರುದಿನ ಪ್ರೆಸ್ಸಿನಲ್ಲಿ ಫೈಲು ತೆರೆದೆ. ಒಂದೇ ಆಜ್ಞೆಯಲ್ಲಿ ಮುಗಿಯುವ ಕೆಲಸ. ಆದರೂ ಭಾವನ ದನಿಯನ್ನು ನೆನೆದುಕೊಂಡು, ಮೂವತ್ತೊಂದು ವಾಕ್ಯಗಳ ಕೊನೆಯಲ್ಲೂ ಒಂದೊಂದಾಗಿ ಸ್ಪೇಸ್ ಕೀಲಿಯ ಮೇಲೆ ಹೆಬ್ಬೆರಳು ಒತ್ತಿದೆ.